ಗಿರಣಿಯೊಳಗಿನ ವಿಮಾನ

ಮಹಾನವಮಿಗೆಂದು ಮನೆ ಸ್ವಚ್ಛ ಮಾಡುವಾಗ ನನ್ನ ಮದುವೆಯ ಟ್ರಂಕಿನ ತಳದಲ್ಲಿ ಆ ಆಟದ ಡಬ್ಬಿ ಸಿಕ್ಕಿತು. ಟಿವಿಗೆ ಹಚ್ಚಿ ಆಡುವ ವಿಡಿಯೋ ಗೇಮು. ವಾಯರನ್ನು ಇಲಿ ಕಡಿದಿತ್ತು. ಕೈಯಲ್ಲಿ ಹಿಡಿಯುವ ರಿಮೋಟನ್ನು ಎತ್ತಿಕೊಂಡು ಸುಮ್ಮನೆ ಕೆಂಪು ಗುಂಡಿ ಒತ್ತಿದೆ. ಸಂದಿಯಿಂದ ಚಿಟಿಕೆಯಷ್ಟು ಹಿಟ್ಟು ಅಂಗೈಗೆ ಉದುರಿತು. ಮೂಸಿ ನೋಡಿದೆ. ಮುಗ್ಗಲು ಹಿಡಿದಿತ್ತು, ಆದರೂ ಜೋಳದ ಹಿಟ್ಟು ಜೋಳದ ಹಿಟ್ಟೇ...

"ಮಮ್ಮಿ, ಇದರಾಗ ಹಿಟ್ಟು ಹೆಂಗ ಹೋತು?" ಎಂದು ಮಗಳು ಕೇಳಿದಳು. ಹೇಳಲು ಬಾಯಿ ತೆರೆದರೆ ಮೊದಲು ನಗು ಬಂತು. ಪಕ್ಕದ ಮನೆಯ ಗಿರಣಿ ಕಾಕಾ ತೀರಿಕೊಂಡ ಮೇಲೆ ಬಂದ ಮೊದಲ ಮಹಾನವಮಿ ಇದು.

ನಾನು ಹುಬ್ಬಳ್ಳಿಯಲ್ಲಿ ಬೆಳೆದವಳು. ನಮ್ಮ ಓಣಿಯ ತುದಿಗೆ ಒಂದು ವಿಡಿಯೋ ಗೇಮಿನ ಅಂಗಡಿ ಇತ್ತು. ಆಳೆತ್ತರದ ಮಷಿನ್ನು, ಎದುರಿಗೆ ನಿಂತು ಹಿಡಿಕೆ ತಿರುವುತ್ತ ಆಡಬೇಕು. ಹೆಣ್ಣುಮಕ್ಕಳು ಹೋಗುವ ಜಾಗ ಅದಲ್ಲ ಎಂದು ಅವ್ವ ಕಡ್ಡಿ ಮುರಿದಂತೆ ಹೇಳಿದ್ದಳು. ಆದ್ದರಿಂದ ನಾನು ಅಣ್ಣನನ್ನು ಮುಂದೆ ಬಿಟ್ಟುಕೊಂಡು ಹೋಗುತ್ತಿದ್ದೆ. ಅಲ್ಲಿನ ವಿಮಾನದ ಆಟ ಎಂದರೆ ನನಗೆ ಪ್ರಾಣ. ಕೆಳಗಿನಿಂದ ನಮ್ಮ ಪುಟ್ಟ ವಿಮಾನ ಹಾರುತ್ತದೆ, ಮೇಲಿನಿಂದ ವೈರಿಗಳು ಬರುತ್ತಾರೆ, ಕೊಟ್ಟ ಜೀವಗಳು ಮುಗಿಯುವವರೆಗೆ ಹೊಡೆಯುತ್ತ ಹೋಗಬೇಕು, ಅಷ್ಟೇ. ಅಣ್ಣನಿಗೆ ನೌಕರಿ ಸಿಕ್ಕಾಗ ಅದೇ ಆಟವನ್ನು ಮನೆಯ ಟಿವಿಯಲ್ಲಿ ಆಡುವಂಥ ಡಬ್ಬಿಯೊಂದನ್ನು ತಂದ. ನನ್ನ ಮದುವೆಯಾದಾಗ ಅದನ್ನು ಇಳಕಲ್ ಸೀರೆಗಳ ಕೆಳಗೆ ಬಚ್ಚಿಟ್ಟು ನನ್ನ ಜೊತೆಗೇ ಕಳಿಸಿಬಿಟ್ಟ.

ಹೀಗೆ ನಾನೂ ಡಬ್ಬಿಯೂ ಕೂಡಿ ಯರಗುಪ್ಪಿಗೆ ಬಂದೆವು. ಬಂದು ಏನು ಪ್ರಯೋಜನ? ಟಿವಿ ಇದ್ದದ್ದು ಪಡಸಾಲೆಯಲ್ಲಿ, ಅದರ ಮುಂದೆ ಇದ್ದವರು ಮಾವ. ತಲೆಯ ಮೇಲೆ ಸೆರಗು ಹೊದ್ದ ಹೊಸ ಸೊಸೆ ಮಾವನ ಮುಂದೆ ಕುಳಿತು ವಿಮಾನ ಹೊಡೆದು ಉರುಳಿಸುವುದು ಹೇಗೆ? ಅತ್ತೆ ಒಮ್ಮೆ ಟ್ರಂಕಿನಲ್ಲಿ ಅದನ್ನು ಕಂಡು "ಇದೇನಬೇ?" ಎಂದರು. "ಟಿವಿಗೆ ಹಚ್ಚೂದ್ರಿ" ಎಂದೆ. ಟಿವಿ ಸುಡದಂತೆ ವೋಲ್ಟೇಜು ಕಾಯುವ ಡಬ್ಬಿ ಎಂದು ತಿಳಿದು ಅವರು "ನಿನ್ನ ತವರುಮನಿಯವರು ಶಾಣ್ಯಾರು" ಎಂದು ಮೆಚ್ಚಿದರು. ನಾನು ಅವರ ಮೆಚ್ಚುಗೆಯನ್ನು ಕೆಡಿಸಲು ಹೋಗಲಿಲ್ಲ.

ಗಿರಣಿ ನಮ್ಮ ಮನೆಗೆ ಅಂಟಿಕೊಂಡೇ ಇತ್ತು. ಗಿರಣಿ ಕಾಕಾನ ಹುಬ್ಬು, ರೆಪ್ಪೆ, ಕಿವಿಯ ಕೂದಲು, ಎಲ್ಲದರ ಮೇಲೂ ಹಿಟ್ಟು. ಹಬ್ಬಕ್ಕೆ ತಲೆಗೆ ನೀರು ಹಾಕಿಕೊಂಡಾಗಲೇ ಅವರ ಕೂದಲು ಇನ್ನೂ ಕಪ್ಪಗಿದೆ ಎಂದು ಓಣಿಗೆ ತಿಳಿಯುತ್ತಿತ್ತು. ಗಿರಣಿಯ ಗದ್ದಲದಲ್ಲಿ ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳುವುದಿದ್ದರೂ ಮೂರು ಮನೆಗೆ ಕೇಳುವ ಹಾಗೆ ಕೇಳುತ್ತಿದ್ದರು. ಮೊದಲ ಸಲ ಜೋಳದ ಡಬ್ಬಿ ಹೊತ್ತು ಹೋದಾಗ ನನ್ನ ಊರು ಯಾವುದು ಎಂದು ವಿಚಾರಿಸಿದರು. ಹುಬ್ಬಳ್ಳಿ ಎಂದದ್ದೇ ತಡ, ಕೈಯಲ್ಲಿದ್ದ ಸಲಿಕೆ ಬಿಟ್ಟು ಹತ್ತಿರ ಬಂದರು.

"ಸ್ಟೇಷನ್ ಬಾಜೂಕ ಒಂದು ಆಟದ ಮಷಿನ್ ಇತ್ತವಾ. ನಿಂತ ಆಡೂದು. ವಿಮಾನದ್ದು. ಈಗೂ ಐತೇನು?"

ಪಾಳಿಯಲ್ಲಿ ನಿಂತ ಹೆಂಗಸರು ಕಿಸಕ್ಕೆಂದರು. ಹುಬ್ಬಳ್ಳಿಯಿಂದ ಯಾರೇ ಬರಲಿ, ಬೀಗರಿರಲಿ, ಕಂಡಕ್ಟರಿರಲಿ, ಕಾಕಾ ಕೇಳುವ ಮೊದಲ ಮಾತು ಇದೇ ಆಗಿತ್ತಂತೆ. ಅದಕ್ಕೊಂದು ಕಥೆಯೂ ಇತ್ತು, ಅದನ್ನು ಓಣಿಯ ಎಲ್ಲರೂ ಬಾಯಿಪಾಠ ಮಾಡಿದ್ದರು. ಕಾಕಾನ ಮದುವೆಯ ಹಿಂದಿನ ದಿನ ಮದುಮಗನೇ ಹೊಸ ಚಪ್ಪಲಿ ತರುತ್ತೇನೆಂದು ಹುಬ್ಬಳ್ಳಿಗೆ ಜಿಗಿದಿದ್ದರು. ಚಪ್ಪಲಿ ನೆಪ, ಮನಸ್ಸೆಲ್ಲ ಆ ಮಷಿನ್ನಿನ ಮೇಲೆ. ಅವತ್ತು ಕೈ ಎಷ್ಟು ಕೂಡಿಬಂದಿತ್ತೆಂದರೆ, ಎಂದೂ ಮುಟ್ಟದ ಕೊನೆಯ ಮನೆ ಮುಟ್ಟಿದರು. ಚೌಕಾಬಾರದಲ್ಲಿ ಇರುವಂತೆ ಆಟದ ಒಂದೊಂದು ಹಂತಕ್ಕೂ ಕಾಕಾ ಮನೆ ಎಂದೇ ಅನ್ನುತ್ತಿದ್ದರು. ಎದುರಿಗೆ ಪರದೆ ತುಂಬ ವೈರಿಯ ದೊಡ್ಡ ಹಡಗು. ಅದನ್ನು ಒಡೆದರೆ ಆಟ ಮುಗಿಯಿತು. ಅಷ್ಟರಲ್ಲಿ ಹೊರಗೆ ಊರಿನ ಕಡೆಯ ಬಸ್ಸು ಹಾರ್ನು ಹಾಕಿತು. ಹಿಂದೆ ನಿಂತ ಯಾವನೋ ಅಪರಿಚಿತನ ಕೈಗೆ ಹಿಡಿಕೆ ಕೊಟ್ಟು ಓಡಿದರು. ಹೊಸ ಚಪ್ಪಲಿ ಮಷಿನ್ನಿನ ಬುಡದಲ್ಲೇ ಉಳಿಯಿತು. ಮರುದಿನ ತಮ್ಮ ಅಣ್ಣನ ಚಪ್ಪಲಿ ಎಳೆಯುತ್ತ ಅಕ್ಷತೆ ಹಾಕಿಸಿಕೊಂಡರು.

"ಹಡಗು ಒಡದ ಮ್ಯಾಲೆ ಏನ್ ಬರತೈತಿ ಅನ್ನೂದು ಇವತ್ತಿಗೂ ನನಗ ಗೊತ್ತಿಲ್ಲ ನೋಡು" ಎಂದು ಕಾಕಾ ಕಥೆ ಮುಗಿಸಿದರು. ಅವರ ಹೆಂಡತಿ, ನಮ್ಮೆಲ್ಲರ ಕಾಕು, ಒಳಗಿನಿಂದ ಚೀಲ ಝಾಡಿಸುತ್ತ, "ಅವತ್ತ ಬಸ್ ತಪ್ಪಿಸಿಕೊಂಡಿದ್ರ ಬರೋಬ್ಬರಿ ಆಕ್ಕಿತ್ತು. ನೀವೂ ಆಟ ನೋಡತಿದ್ರಿ, ನಾನೂ ಆರಾಮ ಇರತಿದ್ದೆ" ಎಂದರು.

ನಾನು ಸೆರಗು ಸರಿಮಾಡಿಕೊಂಡು ಮೆಲ್ಲಗೆ, "ಕಾಕಾ, ಆ ಆಟ ನನ್ನ ಟ್ರಂಕಿನ್ಯಾಗ ಐತ್ರಿ" ಎಂದೆ. ಗಿರಣಿಯ ಸದ್ದಿನಲ್ಲಿ ಯಾರ ಮಾತೂ ಕೇಳದ ಕಾಕಾನಿಗೆ ಅದು ಮಾತ್ರ ಕೇಳಿಸಿತು.

ಮರುದಿನವೇ ಕಾಕಾ ಕ್ರಿಕೆಟ್ ನೋಡಲು ಇಟ್ಟುಕೊಂಡಿದ್ದ ಸಣ್ಣ ಟಿವಿಗೆ ಡಬ್ಬಿ ಹಚ್ಚಿದೆವು. ಕಾಕಾ ಚೀಲದ ಮೇಲೆ ಕುಳಿತು, ರಿಮೋಟನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು ಆಡಿದರು. ಮೊದಲನೆಯ ಮನೆಯಲ್ಲೇ ವಿಮಾನ ಬಿತ್ತು. ಮತ್ತೆ ಆಡಿದರು, ಮತ್ತೆ ಬಿತ್ತು. ನಾನು ಸಲೀಸಾಗಿ ನಾಲ್ಕು ಮನೆ ದಾಟಿ ತೋರಿಸಿದಾಗ ಅವರ ಮುಖ ನೋಡುವಂತಿರಲಿಲ್ಲ. "ಇದು ಅದಲ್ಲ ಬಿಡವಾ" ಎಂದು ಎದ್ದರು. ಆ ಮಷಿನ್ನಿಗೆ ಹಿಡಿಕೆ ಇತ್ತು, ಇದಕ್ಕಿಲ್ಲ. ಅದಕ್ಕೆ ಹೆಗಲು ಕೊಟ್ಟು ನಿಲ್ಲಬಹುದಿತ್ತು, ಇದನ್ನು ಮಡಿಲಲ್ಲಿ ಇಟ್ಟುಕೊಳ್ಳಬೇಕು. ಕುಂತು ಆಡುವುದು ಆಟವೇ ಅಲ್ಲ ಎಂದು ತೀರ್ಮಾನ ಕೊಟ್ಟರು.

ಆದರೆ ರಾತ್ರಿಯೆಲ್ಲ ಯೋಚಿಸಿರಬೇಕು. ಬೆಳಿಗ್ಗೆ ನೋಡಿದರೆ ದೊಡ್ಡ ಹಿಟ್ಟಿನ ಡ್ರಮ್ಮು ಬೋರಲು ಬಿದ್ದಿತ್ತು, ಅದರ ಮೇಲೆ ಹಲಗೆ, ಹಲಗೆಗೆ ರಿಮೋಟು ಬಿಗಿದು ಕಟ್ಟಿತ್ತು. ಟಿವಿ ಜೋಳದ ಚೀಲಗಳನ್ನು ಏರಿ ಎದೆಯೆತ್ತರಕ್ಕೆ ಬಂದಿತ್ತು. ಆಗಲೂ ಆಟ ಅಷ್ಟಕ್ಕಷ್ಟೇ. ಆಮೇಲೆ ಯಾರೋ ಜೋಳ ತಂದರು, ಕಾಕಾ ಗಿರಣಿ ಶುರು ಮಾಡಿ, ಕಾಳು ಸುರಿದು, ಹಿಟ್ಟು ಬೀಳುವವರೆಗೆ ಎಂದು ಡ್ರಮ್ಮಿನ ಮುಂದೆ ನಿಂತರು. ನೆಲ ಗುಡುಗುಡು ನಡುಗಿತು. ಕಾಕಾನ ಕೈ ತಾನಾಗಿಯೇ ಓಡತೊಡಗಿತು. ಮೂರು ಮನೆ, ನಾಲ್ಕು ಮನೆ, ಐದು... ಕಾಕಾ ತಿರುಗಿ ನನ್ನನ್ನು ನೋಡಿ, "ಸ್ಟೇಷನ್ ಬಾಜೂಕ ಇತ್ತಲ್ಲ. ರೈಲು ಹೋದ್ರ ಹಿಂಗ ನಡಗತಿತ್ತು" ಎಂದು ಕೂಗಿದರು. ಆ ಮಾತು ಮುಗಿಯುವಷ್ಟರಲ್ಲಿ ವಿಮಾನ ಬಿತ್ತು, ಆದರೂ ಮುಖ ಅರಳಿತ್ತು.

ಅಲ್ಲಿಂದ ಗಿರಣಿ ನಡೆದರಷ್ಟೇ ಆಟ ಎಂದಾಯಿತು. ಇದರಲ್ಲಿ ತೊಡಕು ಒಂದೆರಡಲ್ಲ. ನಮ್ಮೂರಲ್ಲಿ ಗಿರಣಿ ತಿರುಗಲು ಮೂರು ಫೇಸಿನ ಕರೆಂಟು ಬೇಕು, ಅದು ದಿನಕ್ಕೆ ಕೆಲವೇ ತಾಸು ಇರುತ್ತಿತ್ತು. ಅದು ಹೋದರೂ ದೀಪಕ್ಕೆ, ಟಿವಿಗೆ ಆಗುವಷ್ಟು ಕರೆಂಟು ಉಳಿಯುತ್ತಿತ್ತು. ಹಾಗಾಗಿ ಆಟದ ನಡುವೆ ಗಿರಣಿ ಗಪ್ಪೆಂದು ನಿಂತರೂ ವಿಮಾನ ಹಾರುತ್ತಲೇ ಇರುತ್ತಿತ್ತು. ಆ ಮೌನಕ್ಕೆ ಕಾಕಾನ ಬೆರಳು ಸೆಟೆದುಕೊಂಡು, ಎಂಥ ಸಣ್ಣ ವೈರಿಯೂ ಬಂದು ಹೊಡೆದು ಹೋಗುತ್ತಿದ್ದ. ಇನ್ನು ಕಾಳಿಲ್ಲದೆ ಗಿರಣಿಯನ್ನು ಬರಿದೇ ತಿರುಗಿಸುವಂತಿಲ್ಲ. ಕಲ್ಲಿಗೆ ಕಲ್ಲು ತಿಕ್ಕಿದರೆ ಅದರಲ್ಲಿ ಕೊರೆದ ಹಲ್ಲು ಸವೆದು ಗಿರಣಿಯ ಕಥೆ ಅಲ್ಲಿಗೇ ಮುಗಿಯಿತು. ಅಂತೂ ಕಾಕಾ ಕೊನೆಯ ಮನೆ ಮುಟ್ಟಬೇಕಾದರೆ ಸರ್ಕಾರದ ಕರೆಂಟೂ ಬೇಕು, ಓಣಿಯ ಕಾಳೂ ಬೇಕು.

ಓಣಿಯವರು ಕಾಳೇನೋ ಕೊಟ್ಟರು, ಆದರೆ ಹಿಟ್ಟು ಕೆಟ್ಟಿತು. ಕಾಕಾ ಆಟದಲ್ಲಿ ಮುಳುಗಿದರೆ ಕಲ್ಲು ಬಿಗಿಯಾದದ್ದು ತಿಳಿಯದೆ ಹಿಟ್ಟು ಸುಡುತ್ತಿತ್ತು. ಸುಟ್ಟ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಬಡಿಯುವಾಗಲೇ ಅಂಚು ಹರಿಯುತ್ತದೆ. ನಮ್ಮತ್ತೆ ರೊಟ್ಟಿ ಬಡಿಯುತ್ತಲೇ ಕಾಕಾನ ಆಟದ ವರದಿ ಒಪ್ಪಿಸತೊಡಗಿದರು. "ಇವತ್ತ ಅಗದಿ ಸುಟ್ಟೈತಿ. ದೊಡ್ಡ ಮನಿ ಮುಟ್ಟ್ಯಾನ ಕಾಣತೈತಿ" ಎನ್ನುವರು. ಹಿಟ್ಟು ತರಿತರಿಯಾಗಿದ್ದರೆ, "ಸಿಟ್ಟಿಲೆ ಬೀಸ್ಯಾನ. ಜಲ್ದಿ ಸತ್ತಾನ" ಎನ್ನುವರು. ಅವರ ಲೆಕ್ಕ ತಪ್ಪಿದ್ದು ನನಗೆ ನೆನಪಿಲ್ಲ. ವೋಲ್ಟೇಜಿನ ಡಬ್ಬಿಯ ನಿಜ ಅಷ್ಟರಲ್ಲಿ ಅವರಿಗೆ ತಿಳಿದಿತ್ತು, ನನ್ನ ತವರುಮನೆಯವರ ಶಾಣ್ಯಾತನದ ಮಾತು ಮತ್ತೆ ಬರಲಿಲ್ಲ.

ಈ "ಸತ್ತಾನ" ಎಂಬ ಮಾತಿನಿಂದಲೇ ಒಂದು ಫಜೀತಿಯಾಯಿತು. ಗಿರಣಿ ಕಾಕಾ ಇವತ್ತು ಸತ್ತ, ಮುಂಜಾನೆಯೇ ಸತ್ತ, ಮತ್ತೆ ಸತ್ತ ಎಂದು ಓಣಿಯಲ್ಲಿ ಆಡಿಕೊಳ್ಳುವುದು ರೂಢಿಯಾಗಿತ್ತು. ಯಾರೋ ಸಂತೆಯಲ್ಲಿ ಹಾಗೆ ಅಂದದ್ದು ಹೇಗೋ ನವಲಗುಂದ ತಾಲೂಕಿನ ತಿರ್ಲಾಪುರದವರೆಗೆ ಹೋಯಿತು. ಅದು ಕಾಕುವಿನ ತವರು. ಆಕೆಯ ಅಣ್ಣ ಟೆಂಪೋ ಮಾಡಿಕೊಂಡು ಮಂದಿಯನ್ನು ತುಂಬಿಕೊಂಡು ಬಂದೇಬಿಟ್ಟ. ಓಣಿಯ ತುದಿಯಿಂದಲೇ ಅಳುತ್ತ ಬಂದವನು ಗಿರಣಿಯ ಬಾಗಿಲಿಗೆ ನಿಂತ. ಒಳಗೆ ಬೆಳ್ಳನೆಯ ಮೈಯಲ್ಲಿ ಕಾಕಾ ಡ್ರಮ್ಮಿನ ಮುಂದೆ ನಿಂತಿದ್ದರು. ತಿರುಗಿಯೂ ನೋಡದೆ, "ತಡೀರಿ ಮಾವಾರ, ಇನ್ನೊಂದು ಜೀವ ಐತಿ" ಎಂದರು. ಬಂದ ಮಂದಿಗೆಲ್ಲ ಕಾಕು ಉಪ್ಪಿಟ್ಟು ಮಾಡಿ ಹಾಕಬೇಕಾಯಿತು.

ಅವತ್ತು ಸಂಜೆ ಕಾಕು ನಮ್ಮ ಹಿತ್ತಲಿಗೆ ಬಂದರು. ಮುಖ ಇಳಿದಿತ್ತು. "ಹುಬ್ಬಳ್ಳಿಯವ್ವಾ, ನಿನ್ನ ಡಬ್ಬಿ ನೀ ಒಯ್ಯಿ. ಮಂದಿ ಆಚಿ ಓಣಿ ಗಿರಣಿಗೆ ಹೊಂಟಾರ. ಹಿಂಗಾದ್ರ ನಾವು ಕಲ್ಲು ನೆಕ್ಕೂದ ಆಕೈತಿ" ಎಂದರು. ಅದು ನಗೆಯ ಮಾತಾಗಿರಲಿಲ್ಲ. ಪಾಳಿ ದಿನದಿಂದ ದಿನಕ್ಕೆ ಕರಗುತ್ತಿದ್ದುದನ್ನು ನಾನೂ ಕಂಡಿದ್ದೆ. ಡಬ್ಬಿ ಬಿಚ್ಚಲು ಹೋದೆ. ಕಾಕಾ ರಿಮೋಟಿನ ಮೇಲಿನ ಹಿಟ್ಟನ್ನು ಟವೆಲಿನಿಂದ ಒರೆಸುತ್ತ, ಮೊದಲ ಬಾರಿಗೆ ಸಣ್ಣ ದನಿಯಲ್ಲಿ ಮಾತಾಡಿದರು. "ಒಂದ ಸಲ ಮುಗಸ್ತೀನವಾ. ಏನ್ ಬರತೈತಿ ನೋಡಿ ನಾನ ಬಂದು ಕೊಟ್ಟು ಹೋಕ್ಕೀನಿ." ಆ ಸಣ್ಣ ದನಿ ಕೇಳಿ ಕಾಕುವೇ ಮೆತ್ತಗಾದರು.

ಕಾಕುವೇ ಉಪಾಯ ಹೂಡಿದ್ದು. ಮಹಾನವಮಿ ಹತ್ತಿರದಲ್ಲಿತ್ತು. ನಮ್ಮಲ್ಲಿ ಖಂಡೆ ಪೂಜೆಯ, ಎಂದರೆ ಆಯುಧ ಪೂಜೆಯ ದಿನ ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲಕ್ಕೂ ಪೂಜೆ, ಅವತ್ತು ಗಿರಣಿ ತಿರುಗುವುದಿಲ್ಲ. ಆದ್ದರಿಂದ ಅದರ ಹಿಂದಿನ ದಿನ ಓಣಿಯವರೆಲ್ಲ ಹಬ್ಬದ ಗೋದಿ, ಕಡಲೆ, ಜೋಳ ಬೀಸಿಕೊಳ್ಳಲೇಬೇಕು. ಹಬ್ಬವೆಂದು ಕರೆಂಟೂ ಹೆಚ್ಚು ಹೊತ್ತು ಇರಬಹುದು. ಕಾಕು ಮನೆಮನೆಗೆ ಹೋಗಿ ಹೇಳಿದರು: ಆವತ್ತು ಕಲ್ಲಿನ ಹತ್ತಿರ ನಾನು ಕೂಡುತ್ತೇನೆ, ಹಿಟ್ಟು ಹಾಳಾದರೆ ನನ್ನ ಕೇಳಿ, ಆತ ಆಟ ಒಂದೇ ನೋಡಿಕೊಳ್ಳಲಿ. ನಮ್ಮತ್ತೆ ಎಲ್ಲರ ಪರವಾಗಿ ಒಪ್ಪಿಗೆ ಕೊಟ್ಟರು. "ಒಮ್ಮೆ ಆ ವಿಮಾನ ಹಣ್ಣಾಗಿ ಹೋಗ್ಲಿ. ನಮ್ಮ ರೊಟ್ಟಿ ಉಳೀತಾವು" ಎಂದರು. ಚೌಕಾಬಾರದ ಕಾಯಿ ನಡುವಿನ ಮನೆ ಸೇರಿದರೆ ಹಣ್ಣಾಯಿತು ಎನ್ನುತ್ತಾರಲ್ಲ, ಆ ಹಣ್ಣು.

ಆ ದಿನದ ಗಿರಣಿ ಈಗಲೂ ಕಣ್ಣ ಮುಂದಿದೆ. ಗೋಡೆಯುದ್ದಕ್ಕೂ ಡಬ್ಬಿ, ಬುಟ್ಟಿ, ಚೀಲ. ಹಿಟ್ಟಿನ ಮಂಜಿನಲ್ಲಿ ಓಣಿಯ ಹೆಂಗಸರೆಲ್ಲ ಸೆರಗಿನಿಂದ ಮೂಗು ಮುಚ್ಚಿ ನಿಂತಿದ್ದರು. ಕಾಕು ಕಟ್ಟೆಯ ಮೇಲೆ ನಿಂತು ಕಾಳು ಸುರಿಯುತ್ತಿದ್ದರು. ನಾನು ಕೆಳಗೆ ಹಿಟ್ಟು ಬೀಳುವ ಬಾಯಿಗೆ ಚೀಲ ಹಿಡಿದು ನಿಂತಿದ್ದೆ. ಕಾಕಾ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕಪ್ಪು ಕೂದಲು ಬಾಚಿಕೊಂಡು ಬಂದಿದ್ದರು. ಮದುಮಗನಂತೆ ಕಾಣುತ್ತಾನೆ ಎಂದು ಯಾರೋ ಅಂದರು. "ಚಪ್ಲಿ ನೋಡ್ರಿ, ಅದಾವಿಲ್ಲೋ" ಎಂದು ಕಾಕು ಮೇಲಿನಿಂದ ಕೂಗಿದರು.

ಆಟ ಶುರುವಾಯಿತು. ಹಿಟ್ಟು ಮೆತ್ತಗೆ, ತಣ್ಣಗೆ ಬರುತ್ತಿತ್ತು. ಕಾಕಾ ಬೀಸಿದ್ದಕ್ಕಿಂತ ಇದೇ ಚೆನ್ನಾಗಿದೆ ಎಂದು ಹೆಂಗಸರು ಚೀಲದೊಳಗೆ ಕೈ ಹಾಕಿ ಹಾಕಿ ನೋಡಿದರು. ಒಂದೊಂದು ಮನೆ ದಾಟಿದಂತೆ ಮಾತು ಕಡಿಮೆಯಾಯಿತು. ವಿಮಾನ ಎಂದರೆ ಮೂಗು ಮುರಿಯುತ್ತಿದ್ದ ಅತ್ತೆ ಎಲ್ಲರನ್ನೂ ಸರಿಸಿ ಮುಂದೆ ಬಂದು ನಿಂತಿದ್ದರು. ಕೊನೆಯ ಮನೆ ಬಂತು. ಪರದೆ ತುಂಬ ಹಡಗು. ಕಾಕಾನ ಹೆಗಲು ಕಿವಿಗೆ ಹತ್ತಿತ್ತು. ಉಳಿದದ್ದು ಒಂದೇ ಜೀವ. ಹಡಗಿನ ಒಂದು ಮೂಲೆ ಒಡೆಯಿತು, ಇನ್ನೊಂದು ಒಡೆಯಿತು...

ಆಗಲೇ ಆ ಸದ್ದು ಬಂದದ್ದು. ಕಾಳು ಮುಗಿದು ಕಲ್ಲಿಗೆ ಕಲ್ಲು ತಿಕ್ಕುವ ಕರ್ಕಶ ಸದ್ದು, ಅದರ ಹಿಂದೆಯೇ ಸುಟ್ಟ ವಾಸನೆ. ಹಡಗಿನ ನಡುವೆ ಬೆಂಕಿ ಹೊತ್ತಿದ್ದಷ್ಟೇ ನಾನು ಕಂಡದ್ದು. ಕಾಕಾ ರಿಮೋಟು ಬಿಟ್ಟು ಒಂದೇ ನೆಗೆತಕ್ಕೆ ಕಲ್ಲಿನ ಹತ್ತಿರ ಇದ್ದರು. ನಾನು ಚೀಲ ಬಿಟ್ಟು ಸ್ವಿಚ್ಚಿಗೆ ಓಡಿದೆ. ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಗಿರಣಿಯೇ ಹೋಯಿತೆಂಬಂತೆ ಅತ್ತ ತಿರುಗಿದರು. ಕಾಕಾ ಕಲ್ಲನ್ನು ಸಡಿಲಿಸಿ, ಗಿರಣಿ ನಿಂತು, ಏನೂ ಕೆಟ್ಟಿಲ್ಲ ಎಂದು ಖಾತ್ರಿಯಾದ ಮೇಲೆ ಎಲ್ಲರೂ ಒಟ್ಟಿಗೆ ಟಿವಿಯತ್ತ ನೋಡಿದೆವು. ಹಡಗು ಇರಲಿಲ್ಲ. ನಮ್ಮ ಪುಟ್ಟ ವಿಮಾನ ಮತ್ತೆ ಮೊದಲನೆಯ ಮನೆಯಲ್ಲಿ ಹಾರುತ್ತಿತ್ತು.

ಆಟ ಮುಗಿದಿತ್ತು. ವಿಮಾನ ಬಿದ್ದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು, ಹಡಗು ಒಡೆದೇ ಮುಗಿದು ಮತ್ತೆ ಶುರುವಾಗಿತ್ತು. ನಡುವೆ ಏನೋ ಬಂದು ಹೋಗಿತ್ತು.

"ಏನ್ ಬಂತು? ಯಾರರ ನೋಡಿದ್ರ್ಯಾ?" ಎಂದು ಕಾಕಾ ಒಬ್ಬೊಬ್ಬರ ಮುಖವನ್ನೂ ನೋಡಿದರು. ಯಾರೂ ನೋಡಿರಲಿಲ್ಲ. ಅವರ ಮುಖ ಬಾಡಿದ್ದನ್ನು ನೋಡಲಾಗದೆ ನಾನು ಚೀಲ ಎತ್ತುವ ನೆಪ ಮಾಡಿ ಬಗ್ಗಿದೆ. ಆಗ ಕಟ್ಟೆಯ ಮೇಲಿನಿಂದ ಕಾಕು, "ನಾ ನೋಡೀನ್ರಿ" ಎಂದರು.

"ಏನ್ ಬಂತು?"

"ಒಂದು ಊರು ಬಂತು. ವಿಮಾನ ಇಳೀತು. ಮಂದಿ ಹಾರ ಹಿಡಕೊಂಡು ನಿಂತಿತ್ತು."

ಕಾಕಾ ಹಿಟ್ಟು ಮೆತ್ತಿದ ಮುಖದಲ್ಲಿ ಹಲ್ಲೆಲ್ಲ ಕಾಣುವಂತೆ ನಕ್ಕರು. ಖಂಡೆ ಪೂಜೆಯಲ್ಲಿ ಕಲ್ಲಿನ ಪಕ್ಕ ರಿಮೋಟಿಗೂ ವಿಭೂತಿ, ಕುಂಕುಮ, ಚೆಂಡುಹೂವು ಬಿತ್ತು. ಮರುದಿನ ಬನ್ನಿ ಎಲೆ ಕೊಡಲು ಬಂದಾಗ ಕೊಟ್ಟ ಮಾತಿನಂತೆ ಡಬ್ಬಿಯನ್ನು ಹಿಟ್ಟಿನ ಚೀಲದಲ್ಲಿ ಸುತ್ತಿ ನನ್ನ ಕೈಗೆ ಇಟ್ಟರು. ಆಮೇಲೂ ಆಗೊಮ್ಮೆ ಈಗೊಮ್ಮೆ ಇಸಿದುಕೊಂಡು ಹೋಗಿ ಆಡಿದರು, ಆದರೆ ಆ ಹಡಗಿನ ಹತ್ತಿರ ಮತ್ತೆ ಹೋಗಲಾಗಲಿಲ್ಲ. ಕೊನೆಗೆ ಡಬ್ಬಿಯೇ ಕೆಟ್ಟು ನಿಂತಿತು. ಕಾಕಾನಿಗೆ ಅದರ ಚಿಂತೆ ಇರಲಿಲ್ಲ. ಊಟದ ಹೊತ್ತಿಗೆ ಗೋಡೆಯಾಚೆಯಿಂದ ಆ ದೊಡ್ಡ ದನಿ ಕೇಳುತ್ತಿತ್ತು: "ಏನ್ ಬಂದಿತ್ತು, ಇನ್ನೊಮ್ಮೆ ಹೇಳು." ಕಾಕು ಹೇಳುತ್ತಿದ್ದರು. ಒಂದು ದಿನ ಊರಿನಲ್ಲಿ ಬಾಜಾಬಜಂತ್ರಿ ಇರುತ್ತಿತ್ತು. ಒಂದು ದಿನ ಇಳಿದವನಿಗೆ ಹೋಳಿಗೆ ಊಟ. ಒಂದು ದಿನ ಯಾರೋ ಹೊಸ ಚಪ್ಪಲಿ ತಂದು ಕೊಡುತ್ತಿದ್ದರು. "ಮೊನ್ನಿ ಚಪ್ಲಿ ಅಂದಿರಲಿಲ್ಲಲಾ" ಎಂದು ಕಾಕಾ ಜಗಳ ತೆಗೆದರೆ, "ಮೊನ್ನಿ ನೀವು ಕೇಳಿರಲಿಲ್ಲ" ಎಂದು ಕಾಕು ಬಾಯಿ ಮುಚ್ಚಿಸುತ್ತಿದ್ದರು. ಗೋಡೆಯ ಈಚೆಗೆ ನಾನೂ ಅತ್ತೆಯೂ ತುತ್ತು ಕೈಯಲ್ಲಿ ಹಿಡಿದು ಕೇಳುತ್ತಿದ್ದೆವು.

ಹೋದ ವರ್ಷ ಬನ್ನಿ ಆದ ಸ್ವಲ್ಪ ದಿನಕ್ಕೆ ಕಾಕಾ ಹೋದರು. ಸುದ್ದಿ ಮುಟ್ಟಿಸಿದಾಗ ತಿರ್ಲಾಪುರದವರು ನಂಬಲಿಲ್ಲ, ಎರಡು ಸಲ ಫೋನು ಮಾಡಿ ಕೇಳಿದರು. ಗಿರಣಿಯಲ್ಲಿ ಈಗ ಅವರ ಮಗ ಬಿತ್ತನೆಯ ಕೂರಿಗೆ ಮಷಿನ್ನುಗಳನ್ನು ಇಟ್ಟಿದ್ದಾನೆ. ಹಿಟ್ಟನ್ನು ನಾವು ಆಚೆ ಓಣಿಯಿಂದ ತರುತ್ತೇವೆ. ರೊಟ್ಟಿ ಹರಿಯುವುದಿಲ್ಲ, ಆದರೆ ಅದನ್ನು ನೋಡಿ ಹೇಳಲು ಯಾವ ಸುದ್ದಿಯೂ ಇಲ್ಲ.

ಮೊನ್ನೆ ರಿಮೋಟು ಸಿಕ್ಕ ದಿನ ಕಾಕು ನಮ್ಮ ಪಡಸಾಲೆಯಲ್ಲೇ ಇದ್ದರು, ಮೊರದಲ್ಲಿ ಜೋಳ ಹಸನು ಮಾಡುತ್ತ. ತಂದು ತೋರಿಸಿದೆ. ಗುಂಡಿ ಒತ್ತಿ, ಹಿಟ್ಟು ಉದುರಿದ್ದನ್ನು ನೋಡಿ, "ಇದು ನಾ ಬೀಸಿದ್ದು. ಎಷ್ಟು ಸಣ್ಣಗೈತಿ ನೋಡು" ಎಂದರು. ಇಬ್ಬರೂ ನಕ್ಕೆವು. ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿದೆ. "ಕಾಕು, ಈಗರ ಹೇಳ್ರಿ. ಖರೇ ಏನ್ ಬಂದಿತ್ತು?"

"ನನಗೇನ ಗೊತ್ತವಾ" ಎಂದರು ಮೊರದಿಂದ ಕಣ್ಣೆತ್ತದೆ. "ನಾ ಟಿವಿ ಎಲ್ಲಿ ನೋಡಿನಿ? ಅವರನ್ನ ನೋಡಾಕತ್ತಿದ್ದೆ. ಅದಕ್ಕಲಾ ಕಾಳು ಹಾಕೂದು ಮರತಿದ್ದು."

ಪಕ್ಕದಲ್ಲಿದ್ದ ಮಗಳು ಇದನ್ನೆಲ್ಲ ಕೇಳಿಸಿಕೊಳ್ಳುತ್ತ ಫೋನಿನಲ್ಲಿ ಏನೋ ಹುಡುಕುತ್ತಿದ್ದಳು. ಆಟ ಸಿಕ್ಕಿತು, ಅದರ ಕೊನೆಯೂ ಸಿಕ್ಕಿತು. "ಆಯಿ, ಇಲ್ಲೈತಿ ನೋಡ್ರಿ, ಹಡಗು ಒಡದ ಮ್ಯಾಲೆ ಬರೂದು" ಎಂದು ಫೋನನ್ನು ಕಾಕುವಿನ ಮುಂದೆ ಹಿಡಿದಳು.

ಕಾಕು ಅವಳ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಒಲ್ಲೆ ಬಿಡವಾ. ಈಗ ನೋಡಿ ಯಾರಿಗೆ ಹೇಳ್ಲಿ?"

ಮಗಳು ನನ್ನ ಮುಖ ನೋಡಿ ಫೋನು ಆರಿಸಿದಳು. ಕಾಕು ಜೋಳದಲ್ಲಿನ ಹರಳು ಆರಿಸುತ್ತ ಕುಳಿತರು.